ಅಮೆರಿಕದ ಶಾಸಕಾಂಗ ತನಿಖೆಗಳು ಮತ್ತು ಫೆಡರಲ್ ಅಭಿಯೋಜಕರ ನಡುವಿನ ಸಾಕ್ಷ್ಯ ಹಂಚಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದೇ ಘಟನೆಯನ್ನು ಕುರಿತು ಅಲ್ಲಿನ ಶಾಸಕಾಂಗವಾದ ಕಾಂಗ್ರೆಸ್ಸಿನ ಸಮಿತಿಯೂ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯೂ ಏಕಕಾಲದಲ್ಲಿ ತನಿಖೆ ನಡೆಸುವ ಸಂದರ್ಭಗಳು ಬರುತ್ತವೆ. ಆಗ ಒಬ್ಬರು ಸಂಗ್ರಹಿಸಿದ ಸಾಕ್ಷಿಗಳ ಹೇಳಿಕೆ, ದಾಖಲೆ ಮತ್ತು ದೃಶ್ಯಮುದ್ರಿಕೆಗಳನ್ನು ಇನ್ನೊಬ್ಬರಿಗೆ ಒದಗಿಸುವ ಕ್ರಮವೇ ಸಾಕ್ಷ್ಯ ಹಂಚಿಕೆ. ಸಮಿತಿಯು ತನ್ನ ಬಳಿಯಿರುವುದನ್ನು ಅಭಿಯೋಜಕರಿಗೆ ಕೊಡಲೇಬೇಕೆಂದು ವಿಧಿಸುವ ಸಾಮಾನ್ಯ ಕಾನೂನು ಅಲ್ಲಿಲ್ಲ. ಅಭಿಯೋಜಕರು ಗ್ರ್ಯಾಂಡ್ ಜ್ಯೂರಿಯ ಮೂಲಕ ಪಡೆದುದನ್ನು ಸಮಿತಿಗೆ ಕೊಡುವುದಕ್ಕೆ ಕಾನೂನೇ ಅಡ್ಡಿಯಾಗಿದೆ. ಆದ್ದರಿಂದ ಏನನ್ನು, ಯಾವಾಗ, ಎಷ್ಟರಮಟ್ಟಿಗೆ ಹಂಚಿಕೊಳ್ಳಬೇಕು ಎಂಬುದು ಹೆಚ್ಚಾಗಿ ಪತ್ರವ್ಯವಹಾರ ಮತ್ತು ಮಾತುಕತೆಗಳಲ್ಲಿಯೇ ತೀರ್ಮಾನವಾಗುತ್ತದೆ.

2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನವಾದ ಕ್ಯಾಪಿಟಲ್ ಮೇಲೆ ನಡೆದ ದಾಳಿಯ ತನಿಖೆಯಲ್ಲಿ ಈ ಪ್ರಶ್ನೆ ತೀವ್ರ ರೂಪದಲ್ಲಿ ಎದುರಾಯಿತು. ಪ್ರತಿನಿಧಿ ಸಭೆಯ ಆಯ್ಕೆ ಸಮಿತಿಯು ತನ್ನ ಸಾಕ್ಷಿಗಳ ಹೇಳಿಕೆಗಳನ್ನು ಹಲವು ತಿಂಗಳುಗಳ ಕಾಲ ನ್ಯಾಯ ಇಲಾಖೆಗೆ ನೀಡದಿದ್ದುದರಿಂದ ಒಂದು ಪ್ರಮುಖ ಮೊಕದ್ದಮೆಯ ವಿಚಾರಣೆ ಮುಂದಕ್ಕೆ ಹೋಯಿತು. ಈ ಪ್ರಕರಣವು ಸಾಕ್ಷ್ಯ ಹಂಚಿಕೆ ಕೇವಲ ಎರಡು ಕಚೇರಿಗಳ ನಡುವಿನ ಆಡಳಿತದ ವಿಷಯವಲ್ಲ, ಬಂಧನದಲ್ಲಿರುವ ಆರೋಪಿಯ ಹಕ್ಕು, ಶಿಕ್ಷೆಯ ಸ್ಥಿರತೆ ಮತ್ತು ಸತ್ಯವನ್ನು ತಿಳಿಯುವ ಪ್ರಜೆಗಳ ಅಧಿಕಾರ ಇವು ಮೂರೂ ಅದರಲ್ಲಿ ಅಡಗಿವೆ ಎಂಬುದನ್ನು ತೋರಿಸಿತು.

## ಎರಡು ತನಿಖೆಗಳ ಸ್ವರೂಪ

ಶಾಸಕಾಂಗದ ತನಿಖೆ ಮತ್ತು ಅಪರಾಧ ತನಿಖೆಗಳ ಉದ್ದೇಶಗಳು ಬೇರೆ ಬೇರೆ. ಕಾಂಗ್ರೆಸ್ಸಿನ ತನಿಖಾಧಿಕಾರವು ಕಾನೂನು ರಚಿಸುವ ಅಧಿಕಾರದ ಅವಿಭಾಜ್ಯ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1927ರ ಮೆಕ್‌ಗ್ರೇನ್ ವಿರುದ್ಧ ಡಾಹರ್ಟಿ ಪ್ರಕರಣದಲ್ಲಿ ಹೇಳಿತು. ಆದರೆ 1957ರ ವಾಟ್ಕಿನ್ಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಈ ಅಧಿಕಾರದ ಎಲ್ಲೆಯನ್ನೂ ಗುರುತಿಸಿತು. ಕಾಂಗ್ರೆಸ್ ಪೊಲೀಸ್ ಸಂಸ್ಥೆಯೂ ಅಲ್ಲ, ವಿಚಾರಣಾ ನ್ಯಾಯಾಲಯವೂ ಅಲ್ಲ ಎಂಬುದು ಆ ತೀರ್ಪಿನ ಸಾರ. ಸಮಿತಿಯು ಯಾರನ್ನೂ ಅಪರಾಧಿಯೆಂದು ಘೋಷಿಸಲಾರದು. ಅದು ನಡೆದುದೇನೆಂದು ತಿಳಿದುಕೊಂಡು, ಜನರಿಗೆ ತಿಳಿಸಿ, ಕಾನೂನಿನ ತಿದ್ದುಪಡಿಗೆ ಶಿಫಾರಸು ಮಾಡಬಲ್ಲದು.

ನ್ಯಾಯ ಇಲಾಖೆಯ ಅಭಿಯೋಜಕರು ನಿರ್ದಿಷ್ಟ ವ್ಯಕ್ತಿಯು ನಿರ್ದಿಷ್ಟ ಅಪರಾಧ ಮಾಡಿದ್ದಾನೆಂದು ಸಂಶಯಾತೀತವಾಗಿ ಸಿದ್ಧಪಡಿಸಬೇಕು. ಅವರ ಕೆಲಸ ದೋಷಾರೋಪಣೆಯವರೆಗೆ ಗುಟ್ಟಾಗಿ ಸಾಗುತ್ತದೆ. ಸಮಿತಿಯ ಕೆಲಸಕ್ಕೆ ಪ್ರಚಾರವೇ ಬಲ. ಅಲ್ಲದೆ ಪ್ರತಿನಿಧಿ ಸಭೆಯ ಅವಧಿ 2 ವರ್ಷ ಮಾತ್ರ. ಚುನಾವಣೆಯಲ್ಲಿ ಬಹುಮತ ಬದಲಾದರೆ ಆಯ್ಕೆ ಸಮಿತಿಯು ಅಲ್ಲಿಗೇ ಮುಗಿಯಬಹುದು. ಅಭಿಯೋಜಕರಿಗೆ ಅಂಥ ಗಡುವಿಲ್ಲ. ಈ ಎರಡು ತನಿಖೆಗಳು ಒಂದೇ ಸಾಕ್ಷಿಯನ್ನು ಕರೆದಾಗ ಉದ್ಭವಿಸುವ ತೊಡಕುಗಳಿಗೆ ಉದ್ದೇಶ, ವಿಧಾನ ಮತ್ತು ಕಾಲಾವಧಿಗಳ ಈ ವ್ಯತ್ಯಾಸವೇ ಮೂಲ.

## ಕಾನೂನಿನ ಚೌಕಟ್ಟು

### ಭಾಷಣ ಅಥವಾ ಚರ್ಚೆಯ ಕಲಮು

ಅಮೆರಿಕ ಸಂವಿಧಾನದ 1ನೇ ವಿಧಿಯ 6ನೇ ಪ್ರಕರಣದ ಪ್ರಕಾರ, ಸದಸ್ಯರು ಸದನದಲ್ಲಿ ಮಾಡಿದ ಭಾಷಣ ಅಥವಾ ಚರ್ಚೆಯ ಕುರಿತು ಅವರನ್ನು ಬೇರೆಲ್ಲೂ ಪ್ರಶ್ನಿಸುವಂತಿಲ್ಲ. ಈ ರಕ್ಷಣೆಯು ಶಾಸಕಾಂಗದ ಕಾರ್ಯದ ಅಂಗವಾಗಿ ನಡೆಯುವ ಸಮಿತಿಯ ಕೆಲಸಗಳಿಗೂ, ಸದಸ್ಯರ ಪರವಾಗಿ ದುಡಿಯುವ ಸಹಾಯಕರಿಗೂ ಅನ್ವಯಿಸುತ್ತದೆಂದು 1972ರ ಗ್ರಾವೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಇದರಿಂದಾಗಿ ಸಮಿತಿಯ ಕಡತದಲ್ಲಿರುವ ಹೇಳಿಕೆಗಳನ್ನು ಸಮನ್ಸಿನ ಮೂಲಕ ಬಲವಂತವಾಗಿ ತರಿಸಿಕೊಳ್ಳುವುದು ಅಭಿಯೋಜಕರಿಗೆ ಬಹುಮಟ್ಟಿಗೆ ಅಸಾಧ್ಯ. ಅವರು ಕೋರಿಕೊಳ್ಳಬಹುದು. ಕೊಡುವುದು ಬಿಡುವುದು ಸಮಿತಿಯ ಅಥವಾ ಸದನದ ಇಚ್ಛೆ.

### ಗ್ರ್ಯಾಂಡ್ ಜ್ಯೂರಿಯ ಗೋಪ್ಯತೆ

ಫೆಡರಲ್ ವ್ಯವಸ್ಥೆಯಲ್ಲಿ ಗಂಭೀರ ಅಪರಾಧಗಳ ದೋಷಾರೋಪಣೆಯನ್ನು 16ರಿಂದ 23 ನಾಗರಿಕರ ಗ್ರ್ಯಾಂಡ್ ಜ್ಯೂರಿಯು ಅನುಮೋದಿಸಬೇಕು. ಭಾರತದ ಇಂದಿನ ದಂಡಪ್ರಕ್ರಿಯೆಯಲ್ಲಿ ಇದಕ್ಕೆ ಸಮಾನವಾದ ವ್ಯವಸ್ಥೆ ಇಲ್ಲ. ಈ ಜ್ಯೂರಿಯ ಕಲಾಪ ಗೋಪ್ಯ. ಫೆಡರಲ್ ದಂಡಪ್ರಕ್ರಿಯಾ ನಿಯಮಗಳ 6(ಇ) ನಿಯಮವು ಜ್ಯೂರಿ ಸದಸ್ಯರನ್ನೂ ಸರ್ಕಾರಿ ವಕೀಲರನ್ನೂ ಈ ಗೋಪ್ಯತೆಗೆ ಬದ್ಧಗೊಳಿಸುತ್ತದೆ. ಸಾಕ್ಷಿಯು ಮಾತ್ರ ತಾನು ಹೇಳಿದ್ದನ್ನು ಹೊರಗೆ ಹೇಳಬಹುದು. ಗೋಪ್ಯತೆಯ ವಿನಾಯಿತಿಗಳ ಪಟ್ಟಿಯಲ್ಲಿ ಕಾಂಗ್ರೆಸ್ಸಿನ ಹೆಸರಿಲ್ಲ. ಆ ಪಟ್ಟಿಯನ್ನು ಮೀರಿ ದಾಖಲೆ ಬಿಡುಗಡೆ ಮಾಡುವ ಸ್ವಯಂಸಿದ್ಧ ಅಧಿಕಾರ ನ್ಯಾಯಾಲಯಗಳಿಗೆ ಇಲ್ಲವೆಂದು ಕೊಲಂಬಿಯಾ ಜಿಲ್ಲೆಯ ಫೆಡರಲ್ ಮೇಲ್ಮನವಿ ನ್ಯಾಯಾಲಯವು 2019ರ ಮೆಕೀವರ್ ಪ್ರಕರಣದಲ್ಲಿ ಹೇಳಿತು.

### ಜೆಂಕ್ಸ್ ಕಾಯಿದೆ ಮತ್ತು ಬ್ರೇಡಿ ನಿಯಮ

ಸಾಕ್ಷ್ಯ ಹಂಚಿಕೆಯು ಆರೋಪಿಯ ಹಕ್ಕಿಗೆ ತಳುಕು ಹಾಕಿಕೊಳ್ಳುವುದು ಇಲ್ಲಿ. 1957ರ ಜೆಂಕ್ಸ್ ಕಾಯಿದೆಯ ಪ್ರಕಾರ, ಸರ್ಕಾರದ ಪರ ಸಾಕ್ಷಿಯು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದ ಬಳಿಕ, ಅದೇ ವಿಷಯವಾಗಿ ಆತ ಹಿಂದೆ ನೀಡಿದ್ದ ಹೇಳಿಕೆಯು ಸರ್ಕಾರದ ವಶದಲ್ಲಿದ್ದರೆ ಅದನ್ನು ಪಾಟೀಸವಾಲಿಗಾಗಿ ಆರೋಪಿಯ ವಕೀಲರಿಗೆ ಕೊಡಬೇಕು. 1963ರ ಬ್ರೇಡಿ ವಿರುದ್ಧ ಮೇರಿಲ್ಯಾಂಡ್ ತೀರ್ಪಿನ ಪ್ರಕಾರ, ಆರೋಪಿಗೆ ಅನುಕೂಲಕರವಾದ ಮಹತ್ವದ ಸಾಕ್ಷ್ಯವನ್ನು ಅಭಿಯೋಜಕರು ಮುಚ್ಚಿಡುವಂತಿಲ್ಲ.

ಈ ಎರಡು ನಿಯಮಗಳ ಫಲವಾಗಿ, ಸಮಿತಿಯು ಅಭಿಯೋಜಕರ ಕೈಗಿತ್ತ ಹೇಳಿಕೆಯು ಅವರಲ್ಲೇ ಉಳಿಯುವುದಿಲ್ಲ. ಅದು ಆರೋಪಿಯ ವಕೀಲರಿಗೂ, ಅವರ ಮೂಲಕ ಬಹಿರಂಗ ನ್ಯಾಯಾಲಯಕ್ಕೂ ತಲುಪುವ ಹಾದಿ ತೆರೆಯುತ್ತದೆ. ಸಮಿತಿಯು ಕೊಡದೆ ಉಳಿಸಿಕೊಂಡರೆ ಅಭಿಯೋಜಕರು ತಮ್ಮದೇ ಸಾಕ್ಷಿಯು ಬೇರೊಂದು ಕಡೆ ಪ್ರಮಾಣಪೂರ್ವಕವಾಗಿ ಏನು ಹೇಳಿದ್ದಾನೆಂದು ತಿಳಿಯದೆಯೇ ಆತನನ್ನು ಕಟಕಟೆಗೆ ಕರೆಯಬೇಕಾಗುತ್ತದೆ.

### ವಿನಾಯಿತಿಯ ಪ್ರಶ್ನೆ

ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯದಿರುವ ಹಕ್ಕನ್ನು ಸಂವಿಧಾನದ 5ನೇ ತಿದ್ದುಪಡಿ ನೀಡುತ್ತದೆ. ಸಾಕ್ಷಿಯೊಬ್ಬನು ಈ ಹಕ್ಕನ್ನು ಮುಂದೊಡ್ಡಿದಾಗ, ಆತನ ಹೇಳಿಕೆಯನ್ನು ಆತನ ವಿರುದ್ಧವೇ ಬಳಸುವುದಿಲ್ಲವೆಂಬ ವಿನಾಯಿತಿ ಕೊಟ್ಟು ಕಾಂಗ್ರೆಸ್ಸಿನ ಸಮಿತಿಯು ಸಾಕ್ಷ್ಯವನ್ನು ಪಡೆಯಬಹುದು. ಇದಕ್ಕೆ ಸಮಿತಿಯ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು. ಅಟಾರ್ನಿ ಜನರಲ್‌ಗೆ 10 ದಿನ ಮುಂಚೆ ತಿಳಿಸಬೇಕು. ಅವರ ಕೋರಿಕೆಯ ಮೇರೆಗೆ ನ್ಯಾಯಾಲಯವು ಗರಿಷ್ಠ 20 ದಿನಗಳವರೆಗೆ ಆದೇಶವನ್ನು ತಡೆಹಿಡಿಯಬಹುದು. ಆದರೆ ವಿನಾಯಿತಿಯನ್ನು ನಿರಾಕರಿಸುವ ಅಧಿಕಾರ ಅಟಾರ್ನಿ ಜನರಲ್‌ಗೆ ಇಲ್ಲ. 1972ರ ಕಾಸ್ಟಿಗರ್ ತೀರ್ಪಿನ ಪ್ರಕಾರ, ಇಂಥ ಸಾಕ್ಷಿಯ ಮೇಲೆ ಮುಂದೆ ಮೊಕದ್ದಮೆ ಹೂಡಿದರೆ, ತಮ್ಮ ಸಾಕ್ಷ್ಯವೆಲ್ಲವೂ ಸ್ವತಂತ್ರ ಮೂಲದಿಂದ ಬಂದದ್ದೆಂದು ಸಾಬೀತುಪಡಿಸುವ ಹೊಣೆ ಅಭಿಯೋಜಕರದು.

## ಹಿಂದಿನ ನಿದರ್ಶನಗಳು

### ಮಿ ಲಾಯ್ ಹತ್ಯಾಕಾಂಡ

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮಿ ಲಾಯ್ ಗ್ರಾಮದಲ್ಲಿ ಅಮೆರಿಕದ ಸೈನಿಕರು ನಾಗರಿಕರ ಹತ್ಯೆ ನಡೆಸಿದರು. 1970ರಲ್ಲಿ ಪ್ರತಿನಿಧಿ ಸಭೆಯ ಸಶಸ್ತ್ರ ಸೇವೆಗಳ ಸಮಿತಿಯ ಉಪಸಮಿತಿಯೊಂದು ಎಡ್ವರ್ಡ್ ಹೆಬೇರ್ ಅವರ ಅಧ್ಯಕ್ಷತೆಯಲ್ಲಿ ಗೋಪ್ಯ ತನಿಖೆ ನಡೆಸಿ, ಸಾಕ್ಷಿಗಳ ಹೇಳಿಕೆಗಳನ್ನು ಸೇನಾ ನ್ಯಾಯಾಲಯಗಳಿಗೆ ಕೊಡಲು ನಿರಾಕರಿಸಿತು. ಡೇವಿಡ್ ಮಿಚೆಲ್ ಎಂಬ ಸಾರ್ಜೆಂಟ್‌ನ ವಿಚಾರಣೆಯಲ್ಲಿ, ಹಿಂದಿನ ಹೇಳಿಕೆಗಳು ಲಭ್ಯವಿಲ್ಲದ ಕಾರಣ, ಉಪಸಮಿತಿಯ ಮುಂದೆ ಹಾಜರಾಗಿದ್ದವರನ್ನು ಸಾಕ್ಷಿಗಳಾಗಿ ಕರೆಯದಂತೆ ಸೇನಾ ನ್ಯಾಯಾಧೀಶರು ಅಭಿಯೋಜಕರನ್ನು ತಡೆದರು. ಮಿಚೆಲ್ ಖುಲಾಸೆಯಾದನು. ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯ ಪ್ರಕರಣದಲ್ಲಿಯೂ ಈ ಪ್ರಶ್ನೆ ಎದ್ದಿತು. 1974ರಲ್ಲಿ ಜಿಲ್ಲಾ ನ್ಯಾಯಾಲಯವು ಆತನ ಶಿಕ್ಷೆಯನ್ನು ರದ್ದುಪಡಿಸಲು ನೀಡಿದ ಕಾರಣಗಳಲ್ಲಿ ಹೇಳಿಕೆಗಳನ್ನು ತಡೆಹಿಡಿದದ್ದೂ ಒಂದು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿತು.

### ವಾಟರ್‌ಗೇಟ್

1973ರಲ್ಲಿ ಸ್ಯಾಮ್ ಅರ್ವಿನ್ ಅಧ್ಯಕ್ಷತೆಯ ಸೆನೆಟ್ ಸಮಿತಿಯು ವಾಟರ್‌ಗೇಟ್ ಹಗರಣದ ಬಹಿರಂಗ ಕಲಾಪಗಳನ್ನು ಆರಂಭಿಸಿದಾಗ, ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್ ಅವನ್ನು ಮುಂದೂಡುವಂತೆ ಕೋರಿದರು. ದೂರದರ್ಶನದ ಪ್ರಚಾರವು ಮುಂದಿನ ಮೊಕದ್ದಮೆಗಳನ್ನು ಕೆಡಿಸೀತೆಂಬುದು ಅವರ ಆತಂಕ. ಕೆಲವರನ್ನು ಜೈಲಿಗೆ ಕಳುಹಿಸುವುದಕ್ಕಿಂತ ಜನರಿಗೆ ಸತ್ಯ ತಿಳಿಯುವುದೇ ಮುಖ್ಯವೆಂಬ ನಿಲುವಿನಿಂದ ಅರ್ವಿನ್ ಒಪ್ಪಲಿಲ್ಲ. ವಿನಾಯಿತಿ ಪಡೆದ ಜಾನ್ ಡೀನ್ ಸಾಕ್ಷ್ಯ ನುಡಿಯುವ ಮೊದಲೇ ಕಾಕ್ಸ್ ಆತನ ವಿರುದ್ಧ ತಮ್ಮ ಬಳಿಯಿದ್ದ ಸಾಕ್ಷ್ಯಗಳನ್ನು ಮೊಹರು ಮಾಡಿ ನ್ಯಾಯಾಲಯದಲ್ಲಿ ಇರಿಸಿದರು. ಅಧ್ಯಕ್ಷರ ಕಚೇರಿಯ ಮಾತುಕತೆಗಳು ಧ್ವನಿಮುದ್ರಣವಾಗುತ್ತಿದ್ದವೆಂಬ ಸಂಗತಿಯನ್ನು ಅಲೆಕ್ಸಾಂಡರ್ ಬಟರ್‌ಫೀಲ್ಡ್ 1973ರ ಜುಲೈ 16ರಂದು ಈ ಸಮಿತಿಯ ಮುಂದೆಯೇ ಬಹಿರಂಗಪಡಿಸಿದರು. ಮುಂದೆ ಆ ಧ್ವನಿಮುದ್ರಿಕೆಗಳೇ ಅಭಿಯೋಜಕರ ಪ್ರಧಾನ ಆಧಾರವಾದವು.

ಎದುರು ದಿಕ್ಕಿನ ಹಂಚಿಕೆಯೂ ಇದೇ ಪ್ರಕರಣದಲ್ಲಿ ನಡೆಯಿತು. 1974ರ ಮಾರ್ಚ್‌ನಲ್ಲಿ ಗ್ರ್ಯಾಂಡ್ ಜ್ಯೂರಿಯು ಅಧ್ಯಕ್ಷ ರಿಚರ್ಡ್ ನಿಕ್ಸನ್ ಕುರಿತ ಸಾಕ್ಷ್ಯಗಳ ವರದಿಯನ್ನು ನ್ಯಾಯಾಧೀಶ ಜಾನ್ ಸಿರಿಕಾ ಅವರಿಗೆ ಒಪ್ಪಿಸಿತು. ಅವರು ಅದನ್ನು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಗೆ ಕಳುಹಿಸಲು ಅನುಮತಿಸಿದರು. ಮೇಲ್ಮನವಿ ನ್ಯಾಯಾಲಯವೂ ಅಡ್ಡಿಪಡಿಸಲಿಲ್ಲ.

### ಇರಾನ್-ಕಾಂಟ್ರಾ

1987ರ ಜುಲೈನಲ್ಲಿ ಆಲಿವರ್ ನಾರ್ತ್ ವಿನಾಯಿತಿ ಪಡೆದು ಕಾಂಗ್ರೆಸ್ಸಿನ ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. ಕಲಾಪಗಳು ದೇಶದಾದ್ಯಂತ ಪ್ರಸಾರವಾದವು. ಸ್ವತಂತ್ರ ಅಭಿಯೋಜಕ ಲಾರೆನ್ಸ್ ವಾಲ್ಶ್ ಅವರ ತಂಡದವರು ಆ ಸಾಕ್ಷ್ಯ ತಮ್ಮ ಕಿವಿಗೆ ಬೀಳದಂತೆ ಪತ್ರಿಕೆ ಮತ್ತು ದೂರದರ್ಶನದಿಂದ ದೂರವಿದ್ದರು. 1989ರ ಮೇ 4ರಂದು ನಾರ್ತ್ ಮೂರು ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಆದರೆ ಮೊಕದ್ದಮೆಯ ಸಾಕ್ಷಿಗಳ ನೆನಪು ಮತ್ತು ಹೇಳಿಕೆಗಳ ಮೇಲೆ ನಾರ್ತ್ ಅವರ ವಿನಾಯಿತಿಯ ಸಾಕ್ಷ್ಯ ಪ್ರಭಾವ ಬೀರಿರಬಹುದೆಂಬ ಕಾರಣದಿಂದ ಮೇಲ್ಮನವಿ ನ್ಯಾಯಾಲಯವು 1990ರಲ್ಲಿ ಆ ತೀರ್ಪನ್ನು ಬದಿಗಿಟ್ಟಿತು. 1991ರಲ್ಲಿ ಆರೋಪಗಳನ್ನು ಕೈಬಿಡಲಾಯಿತು. ಜಾನ್ ಪಾಯಿಂಡೆಕ್ಸ್‌ಟರ್ ಅವರ ಶಿಕ್ಷೆಯೂ ಅದೇ ವರ್ಷ ರದ್ದಾಯಿತು. ಅಭಿಯೋಜಕರು ಕಿವಿ ಮುಚ್ಚಿಕೊಂಡರೂ ಸಾಕ್ಷಿಗಳು ಮುಚ್ಚಿಕೊಂಡಿರಲಿಲ್ಲ ಎಂಬುದು ಈ ಪ್ರಕರಣದ ಪಾಠ.

### ರೋಜರ್ ಸ್ಟೋನ್ ಪ್ರಕರಣ

ಹಂಚಿಕೆಯು ಸರಳವಾಗಿ ನಡೆದ ಉದಾಹರಣೆಯೂ ಉಂಟು. ರೋಜರ್ ಸ್ಟೋನ್ ಪ್ರತಿನಿಧಿ ಸಭೆಯ ಗುಪ್ತಚರ ಸಮಿತಿಗೆ ಸುಳ್ಳು ಹೇಳಿದ ಶಂಕೆಯಿದ್ದಾಗ, ಆ ಹೇಳಿಕೆಯ ಅಧಿಕೃತ ಪ್ರತಿಯನ್ನು ವಿಶೇಷ ಅಭಿಯೋಜಕ ರಾಬರ್ಟ್ ಮುಲ್ಲರ್ ಅವರ ಕಚೇರಿಗೆ ಕೊಡಲು ಸಮಿತಿಯು 2018ರ ಡಿಸೆಂಬರ್‌ನಲ್ಲಿ ಮತದ ಮೂಲಕ ನಿರ್ಧರಿಸಿತು. ಮರುತಿಂಗಳು ದೋಷಾರೋಪಣೆಯಾಯಿತು. 2019ರ ನವೆಂಬರ್‌ನಲ್ಲಿ ಸ್ಟೋನ್ ತಪ್ಪಿತಸ್ಥರೆಂದು ತೀರ್ಪು ಬಂದಿತು. 2020ರಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮೊದಲು ಅವರ ಸೆರೆವಾಸವನ್ನು ರದ್ದುಪಡಿಸಿ, ಬಳಿಕ ಕ್ಷಮಾದಾನ ನೀಡಿದರು.

## ಜನವರಿ 6ರ ಸಮಿತಿ ಮತ್ತು ನ್ಯಾಯ ಇಲಾಖೆ

### ಸಮಿತಿಯ ರಚನೆ

2021ರ ಜೂನ್ 30ರಂದು ಪ್ರತಿನಿಧಿ ಸಭೆಯು 222-190 ಮತಗಳಿಂದ ಆಯ್ಕೆ ಸಮಿತಿಯನ್ನು ಸ್ಥಾಪಿಸಿತು. ಮಿಸಿಸಿಪ್ಪಿಯ ಬೆನ್ನಿ ಥಾಂಪ್ಸನ್ ಅಧ್ಯಕ್ಷರಾಗಿಯೂ ವಯೋಮಿಂಗ್‌ನ ಲಿಜ್ ಚೇನಿ ಉಪಾಧ್ಯಕ್ಷೆಯಾಗಿಯೂ ನೇಮಕಗೊಂಡರು. ಒಂಬತ್ತು ಸದಸ್ಯರಲ್ಲಿ ಏಳು ಮಂದಿ ಡೆಮಾಕ್ರಟಿಕ್ ಪಕ್ಷದವರು, ಇಬ್ಬರು ರಿಪಬ್ಲಿಕನ್ ಪಕ್ಷದವರು. ಸಮಿತಿಯು 1,000ಕ್ಕೂ ಹೆಚ್ಚು ಮಂದಿಯ ಹೇಳಿಕೆಗಳನ್ನು ಪಡೆಯಿತು. ಜಾನ್ ಈಸ್ಟ್‌ಮನ್, ಮೈಕೆಲ್ ಫ್ಲಿನ್, ರೋಜರ್ ಸ್ಟೋನ್ ಮೊದಲಾದವರು 5ನೇ ತಿದ್ದುಪಡಿಯ ಹಕ್ಕನ್ನು ಮುಂದೊಡ್ಡಿದರು. ವಿನಾಯಿತಿ ನೀಡಿ ಅವರಿಂದ ಸಾಕ್ಷ್ಯ ಪಡೆಯುವ ಮಾರ್ಗವನ್ನು ಸಮಿತಿ ಹಿಡಿಯಲಿಲ್ಲ. ಇದರಿಂದ ನಾರ್ತ್ ಪ್ರಕರಣದಂಥ ತೊಡಕು ತಪ್ಪಿತು.

ಇದೇ ವೇಳೆ ನ್ಯಾಯ ಇಲಾಖೆಯು ದಾಳಿಯಲ್ಲಿ ಭಾಗವಹಿಸಿದ ನೂರಾರು ಜನರ ಮೇಲೆ ಮೊಕದ್ದಮೆ ಹೂಡಿತ್ತು.

### 2022ರ ಪತ್ರಗಳು

2022ರ ಏಪ್ರಿಲ್ 20ರಂದು ನ್ಯಾಯ ಇಲಾಖೆಯ ಅಪರಾಧ ವಿಭಾಗದ ಮುಖ್ಯಸ್ಥ ಕೆನೆತ್ ಪೊಲೈಟ್ ಮತ್ತು ಕೊಲಂಬಿಯಾ ಜಿಲ್ಲೆಯ ಫೆಡರಲ್ ಅಭಿಯೋಜಕ ಮ್ಯಾಥ್ಯೂ ಗ್ರೇವ್ಸ್ ಅವರು ಸಮಿತಿಯ ಮುಖ್ಯ ತನಿಖಾ ವಕೀಲ ತಿಮೋತಿ ಹೀಫಿ ಅವರಿಗೆ ಪತ್ರ ಬರೆದು ಸಾಕ್ಷಿಗಳ ಹೇಳಿಕೆಗಳ ಲಿಖಿತ ಪ್ರತಿಗಳನ್ನು ಕೋರಿದರು. ಮೇ ತಿಂಗಳಲ್ಲಿ ಈ ಸಂಗತಿ ಬೆಳಕಿಗೆ ಬಂದಾಗ ಥಾಂಪ್ಸನ್ ಸಂಪೂರ್ಣ ಹಸ್ತಾಂತರವನ್ನು ಒಪ್ಪಲಿಲ್ಲ. ಹೇಳಿಕೆಗಳು ಸಮಿತಿಯ ಸ್ವಂತ ಶ್ರಮದ ಫಲ, ಕೆಲಸ ಮುಗಿಯುವ ಮುನ್ನ ಅವನ್ನು ಪೂರ್ಣವಾಗಿ ಒಪ್ಪಿಸುವುದು ಅಕಾಲಿಕ ಎಂಬುದು ಅವರ ವಾದ.

ಜೂನ್ 9ರಂದು ಬಹಿರಂಗ ಕಲಾಪಗಳ ಸರಣಿ ಆರಂಭವಾಯಿತು. ಅದರಲ್ಲಿ ಹೇಳಿಕೆಗಳ ಆಯ್ದ ದೃಶ್ಯತುಣುಕುಗಳನ್ನು ತೋರಿಸಲಾಯಿತು. ಜೂನ್ 15ರಂದು ಪೊಲೈಟ್ ಮತ್ತು ಗ್ರೇವ್ಸ್ ಅವರ ಜೊತೆಗೆ ರಾಷ್ಟ್ರೀಯ ಭದ್ರತಾ ವಿಭಾಗದ ಮುಖ್ಯಸ್ಥ ಮ್ಯಾಥ್ಯೂ ಓಲ್ಸನ್ ಅವರೂ ಸಹಿ ಹಾಕಿದ ಎರಡನೇ ಪತ್ರ ಬಂದಿತು. ಅದರ ಧಾಟಿ ಮೊದಲಿನದಕ್ಕಿಂತ ಕಟುವಾಗಿತ್ತು. ಹೇಳಿಕೆಗಳು ಆಗಲೇ ಆರಂಭವಾಗಿರುವ ನಿರ್ದಿಷ್ಟ ಮೊಕದ್ದಮೆಗಳಿಗೆ ಸಂಬಂಧಿಸಿರುವ ಸಂಭವವಿದೆ, ಅವನ್ನು ಕೊಡದಿರುವುದು ಇಲಾಖೆಯ ತನಿಖೆ ಮತ್ತು ಅಭಿಯೋಜನೆಗಳನ್ನು ಜಟಿಲಗೊಳಿಸುತ್ತಿದೆ ಎಂದು ಪತ್ರ ತಿಳಿಸಿತು.

ಜೂನ್ 28ರಂದು ಶ್ವೇತಭವನದ ಮಾಜಿ ಸಹಾಯಕಿ ಕ್ಯಾಸಿಡಿ ಹಚಿನ್ಸನ್ ಸಾಕ್ಷ್ಯ ನುಡಿದಾಗ, ಅದರಲ್ಲಿನ ಹಲವು ವಿವರಗಳು ಅಭಿಯೋಜಕರಿಗೂ ಹೊಸತಾಗಿದ್ದವೆಂದು ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಆಕೆ ಅದಕ್ಕೆ ಮೊದಲೂ ಸಮಿತಿಗೆ ಹಲವು ಬಾರಿ ಹೇಳಿಕೆ ನೀಡಿದ್ದರು. ಒಬ್ಬ ಸಾಕ್ಷಿಯ ಹೇಳಿಕೆಗಳು ಹಲವಾಗಿದ್ದಾಗ ಅವುಗಳ ನಡುವಿನ ಸಣ್ಣ ವ್ಯತ್ಯಾಸವೂ ಪಾಟೀಸವಾಲಿನಲ್ಲಿ ಮುಖ್ಯವಾಗುತ್ತದೆ.

### ಪ್ರೌಡ್ ಬಾಯ್ಸ್ ವಿಚಾರಣೆಯ ಮುಂದೂಡಿಕೆ

ತಿಕ್ಕಾಟದ ಪರಿಣಾಮ ಪ್ರತ್ಯಕ್ಷವಾಗಿ ಕಂಡದ್ದು ಬಲಪಂಥೀಯ ಉಗ್ರ ಸಂಘಟನೆಯಾದ ಪ್ರೌಡ್ ಬಾಯ್ಸ್‌ನ ನಾಯಕ ಎನ್ರಿಕೆ ಟಾರಿಯೊ ಮತ್ತು ಇತರ ನಾಲ್ವರ ಮೊಕದ್ದಮೆಯಲ್ಲಿ. ಜೂನ್ 6ರಂದು ಅವರ ಮೇಲೆ ರಾಜದ್ರೋಹದ ಒಳಸಂಚಿನ ಆರೋಪವನ್ನೂ ಹೊರಿಸಲಾಗಿತ್ತು. ಮೂರು ದಿನಗಳ ಬಳಿಕ ನಡೆದ ಸಮಿತಿಯ ಕಲಾಪದಲ್ಲಿ ಇದೇ ಸಂಘಟನೆಯ ಪಾತ್ರ ಪ್ರಮುಖವಾಗಿ ಚರ್ಚೆಗೆ ಬಂದಿತು. ವಿಚಾರಣೆ ಆಗಸ್ಟ್ 8ಕ್ಕೆ ನಿಗದಿಯಾಗಿತ್ತು. ಸಮಿತಿಯು ತನ್ನ ವರದಿಯೊಂದಿಗೆ ಹೇಳಿಕೆಗಳನ್ನು ವಿಚಾರಣೆಯ ನಡುವೆಯೇ ಬಿಡುಗಡೆ ಮಾಡಿದರೆ ಉಭಯ ಪಕ್ಷಗಳಿಗೂ ತೊಂದರೆಯಾಗುತ್ತದೆಂದು ಅಭಿಯೋಜಕರು ನ್ಯಾಯಾಲಯಕ್ಕೆ ತಿಳಿಸಿದರು. ನ್ಯಾಯಾಧೀಶ ತಿಮೋತಿ ಕೆಲ್ಲಿ ವಿಚಾರಣೆಯನ್ನು ಡಿಸೆಂಬರ್‌ಗೆ ಮುಂದೂಡಿದರು. ಐವರು ಆರೋಪಿಗಳೂ ಆಗ ಬಂಧನದಲ್ಲಿದ್ದರು. ತೀರ್ಪಿಗೆ ಮುನ್ನವೇ ಅವರ ಸೆರೆವಾಸ ಇನ್ನೂ ನಾಲ್ಕು ತಿಂಗಳು ಬೆಳೆಯಿತು.

ಈ ಆತಂಕ ಕಲ್ಪಿತವಾಗಿರಲಿಲ್ಲ. ಜೂನ್ 9ರ ಕಲಾಪದಲ್ಲಿ ಸಂಘಟನೆಯ ಸದಸ್ಯ ಜೆರೆಮಿ ಬರ್ಟಿನೊ ಅವರ ಹೇಳಿಕೆಯ ದೃಶ್ಯತುಣುಕನ್ನು ತೋರಿಸಲಾಗಿತ್ತು. ಅದೇ ಬರ್ಟಿನೊ ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಕೊಂಡು, 2023ರ ಫೆಬ್ರವರಿಯಲ್ಲಿ ಸರ್ಕಾರದ ಪರ ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಬಂದರು. ಸಮಿತಿಗೆ ಅವರು ಹೇಳಿದ್ದೆಲ್ಲವನ್ನೂ ತಿಳಿಯುವ ಹಕ್ಕು ಆಗ ಆರೋಪಿಗಳ ವಕೀಲರ ಪಾಲಿಗೆ ವಾಸ್ತವದ ಅಗತ್ಯವಾಗಿತ್ತು.

### ಸದನ ನಿಂದನೆಯ ಪ್ರಕರಣಗಳು

ಸಮಿತಿಯೂ ನ್ಯಾಯ ಇಲಾಖೆಯನ್ನು ಅವಲಂಬಿಸಿತ್ತು. ಸಮಿತಿಯ ಸಮನ್ಸನ್ನು ಧಿಕ್ಕರಿಸಿದವರನ್ನು ಸದನವು ನಿಂದನೆಯ ಆರೋಪದ ಮೇಲೆ ಇಲಾಖೆಗೆ ಒಪ್ಪಿಸಬಹುದು, ಮೊಕದ್ದಮೆ ಹೂಡುವುದು ಇಲಾಖೆಯ ವಿವೇಚನೆ. ಸ್ಟೀವ್ ಬ್ಯಾನನ್ ಮತ್ತು ಪೀಟರ್ ನವಾರೊ ಅವರ ಮೇಲೆ ಮೊಕದ್ದಮೆ ನಡೆದು, 2024ರಲ್ಲಿ ಇಬ್ಬರೂ ನಾಲ್ಕು ತಿಂಗಳ ಸೆರೆವಾಸ ಅನುಭವಿಸಿದರು. ಆದರೆ ಮಾರ್ಕ್ ಮೆಡೋಸ್ ಮತ್ತು ಡ್ಯಾನ್ ಸ್ಕಾವಿನೊ ಅವರ ಮೇಲೆ ಮೊಕದ್ದಮೆ ಹೂಡಲು ಇಲಾಖೆ 2022ರ ಜೂನ್‌ನಲ್ಲಿ ನಿರಾಕರಿಸಿತು. ಥಾಂಪ್ಸನ್ ಮತ್ತು ಚೇನಿ ಇದಕ್ಕೆ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು. ಹೇಳಿಕೆಗಳ ವಿವಾದ ತಾರಕಕ್ಕೇರಿದ್ದೂ ಅದೇ ತಿಂಗಳಲ್ಲಿ.

### ಹಸ್ತಾಂತರ

2022ರ ನವೆಂಬರ್ 18ರಂದು ಅಟಾರ್ನಿ ಜನರಲ್ ಮೆರಿಕ್ ಗಾರ್ಲಂಡ್ ಅವರು ಜ್ಯಾಕ್ ಸ್ಮಿತ್ ಅವರನ್ನು ವಿಶೇಷ ಅಭಿಯೋಜಕರನ್ನಾಗಿ ನೇಮಿಸಿದರು. ಅದೇ ತಿಂಗಳ ಚುನಾವಣೆಯಲ್ಲಿ ಪ್ರತಿನಿಧಿ ಸಭೆಯ ಬಹುಮತ ರಿಪಬ್ಲಿಕನ್ ಪಕ್ಷಕ್ಕೆ ಹೋಗಿದ್ದರಿಂದ ಸಮಿತಿಯ ಅವಧಿ ಜನವರಿ ಆರಂಭಕ್ಕೆ ಮುಗಿಯುವುದು ಖಚಿತವಾಯಿತು. ಡಿಸೆಂಬರ್‌ನಲ್ಲಿ ಸಮಿತಿಯು ಹೇಳಿಕೆಗಳನ್ನೂ ದಾಖಲೆಗಳನ್ನೂ ಸ್ಮಿತ್ ಅವರ ಕಚೇರಿಗೆ ವ್ಯಾಪಕವಾಗಿ ಒದಗಿಸಿತು. ಡಿಸೆಂಬರ್ 19ರಂದು ಟ್ರಂಪ್ ವಿರುದ್ಧ ನಾಲ್ಕು ಅಪರಾಧಗಳ ಕುರಿತು ನ್ಯಾಯ ಇಲಾಖೆಗೆ ಶಿಫಾರಸು ಮಾಡಿತು. ಇಂಥ ಶಿಫಾರಸಿಗೆ ಕಾನೂನಿನ ಬಂಧನವಿಲ್ಲ. 800ಕ್ಕೂ ಹೆಚ್ಚು ಪುಟಗಳ ಅಂತಿಮ ವರದಿಯು ಡಿಸೆಂಬರ್ 22ರಂದು ಪ್ರಕಟವಾಯಿತು. ಅದೇ ವಾರದಿಂದ ಹೇಳಿಕೆಗಳ ಲಿಖಿತ ಪ್ರತಿಗಳೂ ಸಾರ್ವಜನಿಕರಿಗೆ ದೊರೆಯತೊಡಗಿದವು.

## ನಂತರದ ಬೆಳವಣಿಗೆಗಳು

2023ರ ಮೇ 4ರಂದು ಟಾರಿಯೊ ಮತ್ತು ಇನ್ನು ಮೂವರು ರಾಜದ್ರೋಹದ ಒಳಸಂಚಿನಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಐದನೆಯವರು ಆ ಆರೋಪದಿಂದ ಮುಕ್ತರಾದರೂ ಇತರ ಆರೋಪಗಳಲ್ಲಿ ತಪ್ಪಿತಸ್ಥರಾದರು. ಟಾರಿಯೊಗೆ 22 ವರ್ಷಗಳ ಶಿಕ್ಷೆಯಾಯಿತು. 2025ರ ಜನವರಿ 20ರಂದು, ಎರಡನೇ ಬಾರಿಗೆ ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಅವರು ದಾಳಿಯ ಪ್ರಕರಣಗಳ ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು. ಟಾರಿಯೊ ಅವರಲ್ಲೊಬ್ಬರು. ಅದೇ ಮೊಕದ್ದಮೆಯ ಉಳಿದ ನಾಲ್ವರು ಸೇರಿದಂತೆ 14 ಮಂದಿಯ ಶಿಕ್ಷೆಯನ್ನು ಅನುಭವಿಸಿದ ಅವಧಿಗೆ ಇಳಿಸಿದರು.

ಟ್ರಂಪ್ ಅವರ ಮೇಲೆ 2023ರ ಆಗಸ್ಟ್ 1ರಂದು ದೋಷಾರೋಪಣೆಯಾಯಿತು. ಸಮಿತಿಯ ಕಡತಗಳಿಂದ ಕಾಣೆಯಾಗಿವೆಯೆಂದು ಹೇಳಲಾದ ವಸ್ತುಗಳಿಗಾಗಿ ಸಮನ್ಸ್ ಹೊರಡಿಸಬೇಕೆಂದು ಅವರ ವಕೀಲರು ಕೋರಿದರು. ಕೋರಿಕೆಯು ತೀರ ವ್ಯಾಪಕವೂ ಅಸ್ಪಷ್ಟವೂ ಆಗಿದೆಯೆಂದು ನ್ಯಾಯಾಧೀಶೆ ತಾನ್ಯಾ ಚಟ್ಕನ್ ನವೆಂಬರ್‌ನಲ್ಲಿ ಅದನ್ನು ತಿರಸ್ಕರಿಸಿದರು. ಹಾಲಿ ಅಧ್ಯಕ್ಷರ ಮೇಲೆ ಮೊಕದ್ದಮೆ ನಡೆಸಬಾರದೆಂಬ ಇಲಾಖೆಯ ನೀತಿಯಿಂದಾಗಿ ಮೊಕದ್ದಮೆಯು 2024ರ ನವೆಂಬರ್ 25ರಂದು ವಜಾ ಆಯಿತು.

2025ರ ಜನವರಿ 14ರಂದು ಬಿಡುಗಡೆಯಾದ ಸ್ಮಿತ್ ಅವರ ವರದಿಯು ಸಾಕ್ಷ್ಯ ಹಂಚಿಕೆಯ ಚರ್ಚೆಗೆ ಮಹತ್ವದ್ದು. ತಮ್ಮ ಕಚೇರಿಯು 250ಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿ, 55ಕ್ಕೂ ಹೆಚ್ಚು ಸಾಕ್ಷಿಗಳನ್ನು ಗ್ರ್ಯಾಂಡ್ ಜ್ಯೂರಿಯ ಮುಂದೆ ಹಾಜರುಪಡಿಸಿತ್ತೆಂದೂ, ಸಮಿತಿಯ ದಾಖಲೆಗಳು ಒಟ್ಟು ತನಿಖಾ ದಾಖಲೆಯ ಒಂದು ಸಣ್ಣ ಭಾಗ ಮಾತ್ರವೆಂದೂ, ಅಭಿಯೋಜನೆಯ ನಿರ್ಧಾರಕ್ಕೆ ಆಧಾರವಾದ ಸಂಗತಿಗಳನ್ನು ಸ್ವತಂತ್ರವಾಗಿ ಸಂಗ್ರಹಿಸಿ ಅಥವಾ ಪರಿಶೀಲಿಸಿಕೊಳ್ಳಲಾಗಿತ್ತೆಂದೂ ಅದು ತಿಳಿಸುತ್ತದೆ.

ಸಮಿತಿಯ ದಾಖಲೆಗಳೂ ವಿವಾದದ ವಸ್ತುವಾದವು. ಹೇಳಿಕೆಗಳ ಎಲ್ಲ ದೃಶ್ಯಮುದ್ರಿಕೆಗಳನ್ನು ಸಮಿತಿಯು ಉಳಿಸಲಿಲ್ಲವೆಂದು ರಿಪಬ್ಲಿಕನ್ ಸದಸ್ಯ ಬ್ಯಾರಿ ಲೌಡರ್‌ಮಿಲ್ಕ್ ಆಕ್ಷೇಪಿಸಿದರು. ಅವನ್ನೆಲ್ಲ ದಾಖಲೆಯಾಗಿ ಕಾಪಿಡುವ ಕಟ್ಟುಪಾಡು ಸಮಿತಿಗೆ ಇರಲಿಲ್ಲವೆಂದು ಥಾಂಪ್ಸನ್ ಉತ್ತರಿಸಿದರು. 2024ರ ಡಿಸೆಂಬರ್‌ನಲ್ಲಿ ಲೌಡರ್‌ಮಿಲ್ಕ್ ಅವರ ಉಪಸಮಿತಿಯು ಚೇನಿ ಅವರ ಮೇಲೆಯೇ ಅಪರಾಧ ತನಿಖೆಗೆ ಶಿಫಾರಸು ಮಾಡಿತು. ಅಧಿಕಾರ ಬಿಡುವ ದಿನ ಅಧ್ಯಕ್ಷ ಜೋ ಬೈಡನ್ ಅವರು ಸಮಿತಿಯ ಸದಸ್ಯರಿಗೂ ಸಿಬ್ಬಂದಿಗೂ ಮುಂಜಾಗ್ರತೆಯ ಕ್ಷಮಾದಾನ ನೀಡಿದರು.

## ವಿಶ್ಲೇಷಣೆ

ಹೇಳಿಕೆಗಳನ್ನು ತಡೆಹಿಡಿದ ಸಮಿತಿಯ ನಿಲುವಿಗೆ ಮೂರು ಸಮರ್ಥನೆಗಳನ್ನು ಕೊಡಬಹುದು. ಮೊದಲನೆಯದು ಅಧಿಕಾರ ವಿಭಜನೆ. ಕೇಳಿದಾಗಲೆಲ್ಲ ಕಡತ ಒಪ್ಪಿಸುವ ಸಮಿತಿಯು ಕಾರ್ಯಾಂಗದ ತನಿಖಾ ಶಾಖೆಯಂತೆ ಕಾಣುತ್ತದೆ. ವಾಟ್ಕಿನ್ಸ್ ತೀರ್ಪು ಎಚ್ಚರಿಸಿದ್ದು ಇದನ್ನೇ. ಎರಡನೆಯದು ಸಾಕ್ಷಿಗಳ ವಿಶ್ವಾಸ. ಸಮಿತಿಗೆ ಹೇಳಿದ್ದು ಮರುದಿನವೇ ಅಭಿಯೋಜಕರ ಮೇಜಿಗೆ ಹೋಗುವುದಾದರೆ ಸ್ವಇಚ್ಛೆಯಿಂದ ಬರುವವರ ಸಂಖ್ಯೆ ಕುಗ್ಗುತ್ತದೆ. ಮೂರನೆಯದು ತನಿಖೆಯ ಗುಟ್ಟು. ಹೇಳಿಕೆಗಳು ಆರೋಪಿಗಳ ವಕೀಲರಿಗೆ ತಲುಪಿದರೆ ಮುಂದಿನ ಸಾಕ್ಷಿಗಳು ಹಿಂದಿನವರ ಮಾತು ತಿಳಿದುಕೊಂಡೇ ಬರುತ್ತಾರೆ.

ವಿರುದ್ಧದ ವಾದವೂ ಅಷ್ಟೇ ಬಲವಾಗಿದೆ. ಸಮಿತಿಯು ಹೇಳಿಕೆಗಳನ್ನು ಸಂಪೂರ್ಣ ಗುಪ್ತವಾಗಿ ಇಟ್ಟಿರಲಿಲ್ಲ, ತನಗೆ ಬೇಕಾದ ತುಣುಕುಗಳನ್ನು ದೂರದರ್ಶನದಲ್ಲಿ ತೋರಿಸಿತ್ತು. ಭಾಗವನ್ನು ಲೋಕಕ್ಕೆಲ್ಲ ತೋರಿಸಿ ಪೂರ್ಣಪಾಠವನ್ನು ನ್ಯಾಯಾಲಯಕ್ಕೆ ದೊರಕದಂತೆ ಮಾಡಿದರೆ, ಪ್ರಚಾರದ ಹಾನಿ ಆರೋಪಿಗೆ, ಅದನ್ನು ಸರಿಪಡಿಸುವ ಸಾಧನ ಸಮಿತಿಯ ಬೀರುವಿನಲ್ಲಿ ಎಂಬಂಥ ಸ್ಥಿತಿ ಉಂಟಾಗುತ್ತದೆ. ಪ್ರೌಡ್ ಬಾಯ್ಸ್ ಆರೋಪಿಗಳ ಬಗ್ಗೆ ಸಾರ್ವಜನಿಕರಿಗೆ ಸಹಾನುಭೂತಿ ಇಲ್ಲದಿರಬಹುದು. ಆದರೆ ಜೆಂಕ್ಸ್ ಕಾಯಿದೆ ಮತ್ತು ಬ್ರೇಡಿ ನಿಯಮಗಳು ಸಹಾನುಭೂತಿಗೆ ಪಾತ್ರರಾದವರಿಗೆ ಮಾತ್ರ ಮೀಸಲಾದವಲ್ಲ.

ಹಿಂದಿನ ನಿದರ್ಶನಗಳನ್ನು ಒಟ್ಟಾಗಿ ನೋಡಿದಾಗ, ಹಂಚಿಕೊಳ್ಳಬೇಕೇ ಬೇಡವೇ ಎಂಬುದಕ್ಕಿಂತ ಯಾವ ಹಂತದಲ್ಲಿ ಎಂಬುದು ಹೆಚ್ಚು ನಿರ್ಣಾಯಕವಾಗಿರುವುದು ಕಾಣುತ್ತದೆ. ಮಿಚೆಲ್ ಪ್ರಕರಣದಲ್ಲಿ ಹಂಚಿಕೆ ಆಗಲೇ ಇಲ್ಲ, ಸಾಕ್ಷಿಗಳೇ ಹೊರಗುಳಿದರು. ನಾರ್ತ್ ಪ್ರಕರಣದಲ್ಲಿ ವಿನಾಯಿತಿಯ ಸಾಕ್ಷ್ಯ ಮೊಕದ್ದಮೆಗಿಂತ ಮೊದಲೇ ಎಲ್ಲೆಡೆ ಹರಡಿ, ತೀರ್ಪು ನಿಲ್ಲಲಿಲ್ಲ. ಸ್ಟೋನ್ ಪ್ರಕರಣದಲ್ಲಿ ನಿರ್ದಿಷ್ಟ ಹೇಳಿಕೆಯೊಂದಕ್ಕೆ ನಿರ್ದಿಷ್ಟ ಕೋರಿಕೆ ಬಂದಿತು, ಸಮಿತಿ ಮತ ಹಾಕಿ ಕೊಟ್ಟಿತು. ಜನವರಿ 6ರ ಪ್ರಕರಣದಲ್ಲಿ ಇಲಾಖೆಯ ಮೊದಲ ಕೋರಿಕೆ ವ್ಯಾಪಕವಾಗಿತ್ತು, ಸಮಿತಿಯ ಉತ್ತರವೂ ಅಷ್ಟೇ ವ್ಯಾಪಕವಾದ ನಿರಾಕರಣೆಯಾಗಿತ್ತು. ವಿಚಾರಣೆಯ ದಿನಾಂಕ ನಿಗದಿಯಾದ ಮೊಕದ್ದಮೆಗಳ ಸಾಕ್ಷಿಗಳ ಹೇಳಿಕೆಗಳನ್ನಾದರೂ ಪ್ರತ್ಯೇಕಿಸಿ, ನ್ಯಾಯಾಧೀಶರ ರಕ್ಷಣಾ ಆದೇಶದಡಿ ಮೊದಲೇ ಒದಗಿಸಿದ್ದರೆ ಬೇಸಿಗೆಯ ಬಿಕ್ಕಟ್ಟಿನ ಬಹುಭಾಗ ತಪ್ಪುತ್ತಿತ್ತೆಂದು ವಾದಿಸಲು ಅವಕಾಶವಿದೆ.

ಇನ್ನೊಂದೆಡೆ, ಸಮಿತಿಯ ದಾಖಲೆಯನ್ನು ಅಭಿಯೋಜಕರು ಸಿದ್ಧ ಸಾಕ್ಷ್ಯವೆಂದು ಸ್ವೀಕರಿಸುವಂತೆಯೂ ಇಲ್ಲ. ಸಮಿತಿಯ ಕಲಾಪದಲ್ಲಿ ಆರೋಪಿಯ ಪರ ಪಾಟೀಸವಾಲು ಇರುವುದಿಲ್ಲ. ಕೇಳಿದ ಮಾತನ್ನು ಮರುನುಡಿಯುವ ಸಾಕ್ಷ್ಯಕ್ಕೆ ಅಲ್ಲಿ ತಡೆಯಿಲ್ಲ. ನ್ಯಾಯಾಲಯದಲ್ಲಿ ಅಂಥ ಸಾಕ್ಷ್ಯ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸ್ಮಿತ್ ಅವರ ವರದಿಯು ಸ್ವತಂತ್ರ ಪರಿಶೀಲನೆಯನ್ನು ಒತ್ತಿ ಹೇಳಿರುವುದು ಇದೇ ಕಾರಣಕ್ಕೆ.

## ಪರಿಣಾಮಗಳು

ಸಮಿತಿಯ ತನಿಖೆಯ ಶಾಸನಾತ್ಮಕ ಫಲವು ಮೊಕದ್ದಮೆಗಳಿಗಿಂತ ಹೆಚ್ಚು ಕಾಲ ಉಳಿಯಿತು. ಅಧ್ಯಕ್ಷೀಯ ಚುನಾವಣೆಯ ಮತ ಎಣಿಕೆಯಲ್ಲಿ ಉಪಾಧ್ಯಕ್ಷರ ಪಾತ್ರ ಕೇವಲ ಔಪಚಾರಿಕವೆಂದು ಸ್ಪಷ್ಟಪಡಿಸುವ ಮತ ಎಣಿಕೆ ಸುಧಾರಣಾ ಕಾಯಿದೆಯು 2022ರ ಡಿಸೆಂಬರ್ 29ರಂದು ಜಾರಿಗೆ ಬಂದಿತು. ಶಿಕ್ಷೆಗಳು ಕ್ಷಮಾದಾನದಿಂದ ಅಳಿದರೂ ಪ್ರಕಟಗೊಂಡ ಹೇಳಿಕೆಗಳ ಪ್ರತಿಗಳು ಸಾರ್ವಜನಿಕ ದಾಖಲೆಯಾಗಿ ಉಳಿದಿವೆ.

ಆದರೆ ಸಾಕ್ಷ್ಯ ಹಂಚಿಕೆಯ ವಿಧಾನವನ್ನು ನಿಗದಿಪಡಿಸುವ ಕಾನೂನು ಈ ಅನುಭವದಿಂದ ರೂಪುಗೊಳ್ಳಲಿಲ್ಲ. ಕಾಂಗ್ರೆಸ್ಸಿನ ವಶದಲ್ಲಿರುವ ಹೇಳಿಕೆಯನ್ನು ಜೆಂಕ್ಸ್ ಕಾಯಿದೆಯ ಅರ್ಥದಲ್ಲಿ ಸರ್ಕಾರದ ವಶದಲ್ಲಿದೆಯೆಂದು ಭಾವಿಸಬೇಕೇ, ಸಮಿತಿಯು ಪ್ರಸಾರ ಮಾಡಿದ ತುಣುಕಿನ ಪೂರ್ಣಪಾಠವನ್ನು ಆರೋಪಿಯು ಹಕ್ಕಿನಿಂದ ಕೇಳಬಹುದೇ, ಗ್ರ್ಯಾಂಡ್ ಜ್ಯೂರಿಯ ದಾಖಲೆಗಳನ್ನು ಮಹಾಭಿಯೋಗದ ತನಿಖೆಗೆ ಪಡೆಯಬಹುದೇ ಎಂಬ ಪ್ರಶ್ನೆಗಳಿಗೆ ಸರ್ವೋಚ್ಚ ನ್ಯಾಯಾಲಯವು ಅಂತಿಮ ಉತ್ತರ ನೀಡಿಲ್ಲ. ಮೂರನೆಯ ಪ್ರಶ್ನೆಯು ಮುಲ್ಲರ್ ತನಿಖೆಯ ದಾಖಲೆಗಳ ವಿಚಾರದಲ್ಲಿ ಆ ನ್ಯಾಯಾಲಯದವರೆಗೆ ಹೋಗಿತ್ತಾದರೂ, ಅಪ್ರಸ್ತುತವಾಯಿತೆಂಬ ಕಾರಣಕ್ಕೆ 2021ರ ಜುಲೈನಲ್ಲಿ ಕೆಳಗಿನ ತೀರ್ಪನ್ನು ಬದಿಗಿರಿಸಿ ಪ್ರಕರಣವನ್ನು ಮುಗಿಸಲಾಯಿತು. ಹೀಗಾಗಿ ಮುಂದೆ ಸಮಿತಿ ಮತ್ತು ನ್ಯಾಯ ಇಲಾಖೆಗಳು ಒಂದೇ ಘಟನೆಯನ್ನು ತನಿಖೆ ಮಾಡಿದಾಗಲೂ, ಯಾವ ಸಾಕ್ಷಿಯ ಯಾವ ಮಾತು ಯಾವ ದಿನ ಯಾರಿಗೆ ತಲುಪಬೇಕೆಂಬುದು ಆಯಾ ಕಾಲದ ಸಮಿತಿಯ ಅಧ್ಯಕ್ಷರು ಮತ್ತು ಅಭಿಯೋಜಕರ ನಡುವಿನ ಒಪ್ಪಂದವನ್ನೇ ಅವಲಂಬಿಸಿರುತ್ತದೆ.